ಕಂದು ಸೀಸೆಯ ಪ್ರಸಂಗ

(ಹುಂಚದ ಪದ್ಮಾವತಿ ಅಮ್ಮನವರ ಬಸದಿಯಿಂದ ಕೂಗಳತೆಯ ದೂರದಲ್ಲಿರುವ ಒಂದು ಹಳೆಯ ಮನೆಯ ಜಗಲಿ. ಕಾರ್ತಿಕ ಮಾಸದ ಇಳಿಹೊತ್ತು. ಅಂಗಳದ ಅಂಚಿನಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆ ಹಬೆಯಾಡುತ್ತಿದೆ. ಚೊಗರಿನ ಒಗರು ವಾಸನೆ ಜಗಲಿಯವರೆಗೂ ಹಬ್ಬಿದೆ. ಮಾವ ನಿವೃತ್ತ ಉಪಾಧ್ಯಾಯರು. ಅಳಿಯ ಅಮೆರಿಕದ ಮಿಲ್ವಾಕಿ ನಗರದಲ್ಲಿ ಉದ್ಯೋಗಸ್ಥನಾಗಿದ್ದು ರಜೆಯ ಮೇಲೆ ಬಂದವನು. ಕಿಟಕಿಯ ಹಲಗೆಯ ಮೇಲೆ ಒಂದು ಕಂದುಬಣ್ಣದ ಸೀಸೆ.)

ಅಳಿಯ: ನಾನು ಚಿಕ್ಕಂದಿನಲ್ಲಿ ಬೇಸಿಗೆಯ ರಜೆಗೆ ಬರುತ್ತಿದ್ದಾಗಲೂ ಈ ಸೀಸೆ ಇದೇ ಹಲಗೆಯ ಮೇಲೆ ಇದ್ದಿತು, ಮಾವ. ಆಗ ಇದರಲ್ಲಿ ಸೀಮೆಎಣ್ಣೆ ತುಂಬಿಸಿ ಇಡುತ್ತಿದ್ದಿರೆಂದು ನೆನಪು. ಇದು ಬೀರಿನ ಸೀಸೆಯೆಂಬುದು ಮಾತ್ರ ಈ ದಿನದವರೆಗೂ ನನಗೆ ಹೊಳೆದಿರಲಿಲ್ಲ.

ಮಾವ: ಹೊಳೆಯದೆ ಇದ್ದುದೇ ಕ್ಷೇಮವಾಯಿತು. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳನ್ನು ಹೊಸ್ತಿಲಿನಿಂದ ಆಚೆಗೇ ನಿಲ್ಲಿಸಿದ ಮನೆಯಲ್ಲಿ ಮದ್ಯದ ಸೀಸೆಯೊಂದು ನಲವತ್ತು ವರ್ಷಗಳಿಂದ ಸಂಸಾರಸ್ಥನಂತೆ ಬೀಡುಬಿಟ್ಟಿರುವುದು ಹೇಗೆಂದು ಬಸದಿಗೆ ಬಂದ ಯಾತ್ರಿಕರಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ರಿಪ್ಪನ್‌ಪೇಟೆಯ ಗುಜರಿಯವನಿಂದ ನಾಲ್ಕಾಣೆಗೆ ಕೊಂಡದ್ದು. ನಿನ್ನ ಅತ್ತೆ ಬೂದಿ, ಹುಣಸೆಹಣ್ಣು ಹಾಕಿ ಮೂರು ದಿನ ತಿಕ್ಕಿ, ಮೂರು ದಿನ ಬಿಸಿಲಿಗೆ ಇಟ್ಟು, ಆಮೇಲೆ ಒಳಕ್ಕೆ ಸೇರಿಸಿದಳು. ಗಾಜು ದಪ್ಪನಾದದ್ದು, ಬಿಸಿಲು ಒಳಗಿಳಿಯದು. ಸೀಮೆಎಣ್ಣೆಯ ಕಾಲ ಮುಗಿದ ಮೇಲೆ ಈಗ ಅವಳ ಮೊಣಕಾಲಿನ ಎಣ್ಣೆಗೆ ಇದೇ ಮನೆ.

ಅಳಿಯ: ಬಿಸಿಲು ಒಳಗಿಳಿಯಬಾರದೆಂದೇ ಇದಕ್ಕೆ ಈ ಬಣ್ಣ. ಬೀರಿಗೆ ಕಹಿಯನ್ನು ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು; ಆ ಕಹಿಸಾರಕ್ಕೆ ಬೆಳಕು ತಗುಲಿದರೆ ಸ್ವಲ್ಪ ಹೊತ್ತಿನಲ್ಲಿಯೇ ದುರ್ವಾಸನೆ ಹುಟ್ಟುತ್ತದೆ. ಕಂದು ಸೀಸೆಯನ್ನು ಅಮೆರಿಕದಲ್ಲಿ ಪ್ರಸಿದ್ಧಿಗೆ ತಂದವರು ಮಿಲ್ವಾಕಿಯ ಷ್ಲಿಟ್ಸ್ ಕಾರ್ಖಾನೆಯವರು, 1912ರ ಸುಮಾರಿಗೆ. ನಾನು ದಿನವೂ ಕೆಲಸಕ್ಕೆ ಹೋಗುವುದು ಆ ಕಾರ್ಖಾನೆಯ ಹಳೆಯ ಕಟ್ಟಡಗಳಲ್ಲಿ ಒಂದಕ್ಕೆ. ಈಗ ಅಲ್ಲೆಲ್ಲ ಕಚೇರಿಗಳು.

ಮಾವ: ಕುಡಿದೆಯೋ?

ಅಳಿಯ: ಅಮ್ಮ ಈ ಪ್ರಶ್ನೆಯನ್ನು ಕೇಳಿದಾಗ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ.

ಮಾವ: ಏನೆಂದೆ?

ಅಳಿಯ: ಕಟ್ಟಡಗಳು ಬಹಳ ಸುಂದರವಾಗಿವೆ ಎಂದೆ.

ಮಾವ: ಸರಿ, ಕಟ್ಟಡಗಳ ವಿಷಯವನ್ನೇ ಹೇಳು. ಪಾನದ ವಿಷಯದಲ್ಲಿ ನನಗೆ ವ್ರತವಿದೆ. ಪಾನದ ಇತಿಹಾಸದ ವಿಷಯದಲ್ಲಿ ಯಾವ ವ್ರತವನ್ನೂ ನಾನು ತೊಟ್ಟಿಲ್ಲ.

ಅಳಿಯ: 1840ರ ದಶಕದಲ್ಲಿ ಜರ್ಮನ್ ಜನರು ಗುಂಪುಗುಂಪಾಗಿ ಅಮೆರಿಕಕ್ಕೆ ವಲಸೆ ಬಂದರಷ್ಟೆ, ಅವರೊಡನೆ ಲಾಗರ್ ಎಂಬ ಬೀರೂ ಬಂದಿತು. ಅದುವರೆಗೆ ಅಲ್ಲಿ ಬಳಕೆಯಲ್ಲಿದ್ದುದು ಇಂಗ್ಲಿಷರ ಏಲ್, ಪೋರ್ಟರ್ ಮೊದಲಾದುವು. ಲಾಗರ್ ಎಂದರೆ ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ ಕೂಡಿಟ್ಟು ನಿಧಾನವಾಗಿ ಹದಗೊಳಿಸುವ ಪಾನ. ಅದಕ್ಕೆ ನೆಲಮಾಳಿಗೆ ಬೇಕು, ಮಂಜುಗಡ್ಡೆ ಬೇಕು. ಮಿಲ್ವಾಕಿಯ ಸುತ್ತ ಚಳಿಗಾಲದಲ್ಲಿ ಕೆರೆ-ನದಿಗಳು ಹೆಪ್ಪುಗಟ್ಟುತ್ತಿದ್ದುದರಿಂದ ಮಂಜುಗಡ್ಡೆಗೆ ಬರವಿರಲಿಲ್ಲ; ಗರಗಸದಿಂದ ಕೊಯ್ದು ಹೊಟ್ಟಿನಲ್ಲಿ ಹೂಳಿಟ್ಟರೆ ಬೇಸಿಗೆಗೂ ಒದಗುತ್ತಿದ್ದಿತು. ಹೀಗೆ 1844ರಲ್ಲಿ ಬೆಸ್ಟ್ ಮನೆತನ, 1849ರಲ್ಲಿ ಕ್ರುಗ್, 1855ರಲ್ಲಿ ಮಿಲ್ಲರ್ ಒಬ್ಬರ ಹಿಂದೆ ಒಬ್ಬರು ಅಲ್ಲಿ ಬಂದು ಒಲೆ ಹೂಡಿದರು.

ಮಾವ: ಷ್ಲಿಟ್ಸ್ ಎಂದೆಯಲ್ಲ, ಅವನ ಹೆಸರೇ ಈ ಪಟ್ಟಿಯಲ್ಲಿ ಇಲ್ಲ.

ಅಳಿಯ: ಕಥೆಯ ರುಚಿಯಿರುವುದು ಅಲ್ಲಿಯೇ. ಯೋಸೆಫ್ ಷ್ಲಿಟ್ಸ್ ಕ್ರುಗ್‌ನ ಬಳಿ ಲೆಕ್ಕ ಬರೆಯುತ್ತಿದ್ದವನು. 1856ರಲ್ಲಿ ಯಜಮಾನ ತೀರಿಕೊಂಡ. ಎರಡು ವರ್ಷಗಳ ಮೇಲೆ ಗುಮಾಸ್ತ ಯಜಮಾನನ ವಿಧವೆಯನ್ನು ವರಿಸಿದ. ಕಾರ್ಖಾನೆಗೆ ತನ್ನ ಹೆಸರಿಟ್ಟ. 1875ರಲ್ಲಿ ಅವನು ತೌರುನಾಡಿಗೆಂದು ಹೊರಟ ಷಿಲ್ಲರ್ ಎಂಬ ಹಡಗು ಇಂಗ್ಲೆಂಡಿನ ತುದಿಯ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿ, ಅವನೂ ಮುಳುಗಿಹೋದ. ಆಮೇಲೆ ಆಡಳಿತ ಬಂದುದು ಕ್ರುಗ್‌ನ ಸೋದರಳಿಯಂದಿರಾದ ಈಲೈನ್ ಸೋದರರ ಕೈಗೆ. ಆದರೂ ಹಲಗೆಯ ಮೇಲೆ ಉಳಿದುದು ಸ್ಥಾಪಕನ ಹೆಸರಲ್ಲ, ನಡೆಸಿದವರ ಹೆಸರೂ ಅಲ್ಲ, ಸಮುದ್ರದ ಪಾಲಾದ ಗುಮಾಸ್ತನ ಹೆಸರು.

ಮಾವ: ಇದು ಅಪ್ಪಟ ಅಳಿಯಸಂತಾನ! ಕಾರ್ಕಳದ ಭೈರರಸರ ವಿಷಯ ಕೇಳಿದ್ದೀಯಲ್ಲ, ನಮ್ಮ ಹುಂಚದ ಅರಸರಾದ ಸಾಂತರರ ಕುಡಿಯೇ ಘಟ್ಟ ಇಳಿದು ಅಲ್ಲಿ ನೆಲೆಯೂರಿದ್ದು. ಅವರಲ್ಲಿಯೂ ಅಳಿಯನಿಗೇ ಪಟ್ಟ. ಈ ಮನೆಯ ವಿಷಯದಲ್ಲಿ ಮಾತ್ರ ನೀನು ಆಸೆಯಿಡಬೇಡ, ಸೋರುವ ಮಾಡಿನ ಹೊರತು ಬೇರೇನೂ ನಿನಗೆ ದಕ್ಕದು. ಅದಿರಲಿ, ನನಗೊಂದು ಸಂದೇಹ. ಹೆಸರಿಗೆ ಇಷ್ಟು ಮಹತ್ತ್ವವಾದರೂ ಏಕೆ ಬಂದಿತು? ನಾನು ಹುಡುಗನಾಗಿದ್ದಾಗ ಈ ಕಾನಿನ ಅಂಚಿನಲ್ಲಿ ಬಗನಿ ಮರದಿಂದ ಕಳ್ಳು ಇಳಿಸುವ ಸಂಸಾರಗಳು ಹಲವಿದ್ದುವು. ಒಂದು ಮನೆಯ ಹುಡುಗ ನನ್ನ ಸಹಪಾಠಿ. ಅವನ ತಂದೆ ಬೆಳಗಿನ ಜಾವದಲ್ಲಿ ಬಿದಿರಿನ ಏಣಿಯೇರಿ, ಬಗನಿಯ ಹೊಂಬಾಳೆಯನ್ನು ಮರದ ಸಣ್ಣ ಕೊಡತಿಯಿಂದ ಹದವಾಗಿ ತಟ್ಟುತ್ತಿದ್ದುದು, ಕೂದಲೆಳೆಯಷ್ಟು ತೆಳ್ಳಗೆ ತುದಿಯನ್ನು ಸವರಿ ಮಡಕೆ ಕಟ್ಟುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದೆ. ಆ ಟೊಕ್ ಟೊಕ್ ಸದ್ದು ಹಾಸಿಗೆಯಲ್ಲಿ ಮಲಗಿದ್ದ ನಮಗೆ ಮರಕುಟಿಗನ ಸದ್ದಿನಂತೆ ಕೇಳಿಬರುತ್ತಿದ್ದಿತು. ಆ ಕಳ್ಳಿಗೆ ಹೆಸರಿರಲಿಲ್ಲ. ಇಂಥ ಮರದ ಕಳ್ಳು ಸಿಹಿ, ಇಂಥದರದು ಸಪ್ಪೆ ಎಂದು ಕುಡಿಯುವವರಿಗೆಲ್ಲ ಗೊತ್ತಿದ್ದಿತು. ಇಳಿಸಿದವನ ಕೈಗುಣವೂ ಗೊತ್ತಿದ್ದಿತು. ಕಂದಾಯ ಕಟ್ಟಿದ ಮರಕ್ಕೆ ಅಬಕಾರಿಯವರು ಅಂಕೆಯೊಂದನ್ನು ಹಾಕುತ್ತಿದ್ದರು, ಅಷ್ಟೆ. ಮರಕ್ಕೆ ನಂಬರು ಬಂದಿತು, ಹೆಸರು ಬರಲಿಲ್ಲ.

ಅಳಿಯ: ಬರುವ ಅಗತ್ಯವಿರಲಿಲ್ಲ, ಏಕೆಂದರೆ ಆ ಕಳ್ಳು ಪ್ರಯಾಣ ಮಾಡುತ್ತಿರಲಿಲ್ಲ. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನಕ್ಕೆ ಹುಳಿ, ಮರುದಿನಕ್ಕೆ ಕಾಡಿ. ಹೊಸನಗರದವರೆಗೆ ಹೋಗುವಷ್ಟು ಆಯುಸ್ಸೂ ಅದಕ್ಕಿಲ್ಲ. ಬೀರಿನ ಕಥೆ ಬೇರೆಯಾದುದು ಅದು ರೈಲು ಹತ್ತಿದ ದಿನ. ಸೇಂಟ್ ಲೂಯಿಸ್ ನಗರದಲ್ಲಿ ಎಬರ್‌ಹಾರ್ಡ್ ಆನ್‌ಹೈಸರ್ ಎಂಬ ಸಾಬೂನಿನ ವ್ಯಾಪಾರಿ ಮುಳುಗುತ್ತಿದ್ದ ಒಂದು ಬೀರಿನ ಕಾರ್ಖಾನೆಯನ್ನು 1860ರಲ್ಲಿ ತೆಗೆದುಕೊಂಡ. ಅವನ ಅಳಿಯ ಅಡಾಲ್ಫಸ್ ಬುಷ್...

ಮಾವ: ಮತ್ತೆ ಅಳಿಯ!

ಅಳಿಯ: ಇವನು ಮಗಳ ಗಂಡ, ನಿಮ್ಮ ಮಾಡಿಗೆ ಅಪಾಯವಿಲ್ಲ. ಈ ಬುಷ್ ಬೀರನ್ನು ಸೀಸೆಗೆ ತುಂಬಿಸಿ ಬಿಸಿನೀರಿನಲ್ಲಿ ಕಾಯಿಸಿ ಕೆಡದಂತೆ ಮಾಡುವ ವಿದ್ಯೆಯನ್ನೂ, ಮಂಜುಗಡ್ಡೆ ತುಂಬಿದ ರೈಲುಡಬ್ಬಿಗಳನ್ನೂ ಒಂದುಗೂಡಿಸಿ, 1876ರಲ್ಲಿ ಬಡ್‌ವೈಸರ್ ಎಂಬ ಹೆಸರಿನಲ್ಲಿ ದೇಶದ ತುಂಬ ಕಳುಹಿಸಿದ. ಸಾವಿರ ಮೈಲಿಯಾಚೆ ಅದನ್ನು ಕುಡಿಯುವವನು ಕಾರ್ಖಾನೆಯನ್ನೂ ಕಂಡವನಲ್ಲ, ಬುಷ್‌ನನ್ನೂ ಕಂಡವನಲ್ಲ. ಮಾಡುವವನಿಗೂ ಕುಡಿಯುವವನಿಗೂ ಮುಖಪರಿಚಯ ತಪ್ಪಿದೆಡೆಯಲ್ಲಿ ಚೀಟಿಯ ಮೇಲಿನ ಹೆಸರೇ ಮುಖವಾಗಬೇಕಾಯಿತು. ಈ ಸೀಸೆಯ ಬಾಯಿಯನ್ನೊಮ್ಮೆ ನೋಡಿ, ಅಂಚಿನ ಸುತ್ತ ಉಂಗುರದಂತೆ ಉಬ್ಬಿದೆಯಲ್ಲ? ತಗಡಿನ ನಿರಿಗೆ ಮುಚ್ಚಳ ಕಚ್ಚಿಕೊಳ್ಳಲೆಂದು ಮಾಡಿದ್ದು. ಬಾಲ್ಟಿಮೋರಿನ ವಿಲಿಯಂ ಪೇಂಟರ್ ಎಂಬಾತ 1892ರಲ್ಲಿ ಆ ಮುಚ್ಚಳಕ್ಕೆ ಹಕ್ಕುಪತ್ರ ಪಡೆದ. ಅತ್ತೆ ಬೆಂಡಿನ ಬಿರಡೆಯನ್ನು ತುರುಕಿದ್ದರೂ ಕಂಠದಲ್ಲಿ ಆ ಉಂಗುರ ಹಾಗೆಯೇ ಇದೆ.

ಮಾವ: (ಬೆರಳಿನಿಂದ ಸೀಸೆಯ ಬಾಯಿಯನ್ನು ಸವರಿ ನೋಡಿ) ಹೌದು. ನಲವತ್ತು ವರ್ಷ ದಿನವೂ ಮುಟ್ಟಿದ್ದೇನೆ, ನೋಡಿರಲಿಲ್ಲ. ನೀನು ಹೇಳುವುದು ಅಡಿಕೆಗೂ ಒಪ್ಪುತ್ತದೆ. ತೋಟದಲ್ಲಿರುವ ತನಕ ಅದು ಬರಿಯ ಅಡಿಕೆ. ಮಂಡಿಗೆ ಹೊರಟಿತೆಂದರೆ ಮೂಟೆಯ ಮೇಲೆ ಮಸಿಯಿಂದ ನಮ್ಮ ಹೆಸರಿನ ಅಕ್ಷರ ಬರೆಯಬೇಕು, ಅಲ್ಲಿ ಅದು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಜಾತಿಗೊಳ್ಳಬೇಕು. ಶಿವಮೊಗ್ಗದಿಂದ ಮುಂದಕ್ಕೆ ಹೋದ ಮೇಲೆ ಆ ಅಕ್ಷರವೂ ಅಳಿಸಿ, ಉತ್ತರದೇಶದ ಯಾವನೋ ವ್ಯಾಪಾರಿಯ ಚೀಟಿಯ ಹೆಸರು ಮೇಲೇರುತ್ತದೆ. ಬೆಳೆದವನು ಯಾರೆಂದು ಜಗಿಯುವವನು ಕೇಳುವುದಿಲ್ಲ.

ಅಳಿಯ: ಇನ್ನೊಂದು ಮಾತು ನಿಮಗೆ ಹಿಡಿಸೀತು. ಬಡ್‌ವೈಸರಿಗೆ ಜವೆಗೋಧಿಯ ಜೊತೆಗೆ ಅಕ್ಕಿಯನ್ನೂ ಹಾಕುತ್ತಾರೆ. ಅಮೆರಿಕದ ಜವೆಯಲ್ಲಿ ಸಸಾರಜನಕ ಹೆಚ್ಚು, ಬೀರು ಕದಡಿಕೊಳ್ಳುತ್ತಿದ್ದಿತು. ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬೆರೆಸಿದರೆ ತಿಳಿಯಾಗಿ, ಹಗುರವಾಗಿ ಬರುತ್ತದೆಂದು ಆ ಜರ್ಮನ್ ಒಲೆಗಾರರು ಕಂಡುಕೊಂಡರು.

ಮಾವ: ಅಕ್ಕಿಯಿಂದ ಪಾನ ಮಾಡುವುದಕ್ಕೆ ನಮ್ಮ ಮಲೆನಾಡಿನವರಿಗೆ ಸೇಂಟ್ ಲೂಯಿಸಿನ ಪಾಠ ಬೇಕಾಗಿರಲಿಲ್ಲ, ಅನ್ನವನ್ನು ಹುಳಿಯಿಸಿ ಬೋಜ ಇಳಿಸುವ ಮನೆಗಳು ಇಲ್ಲಿಯೂ ಇದ್ದುವು. ಧಾನ್ಯವನ್ನು ಮೊಳೆಯಿಸುವ ವಿದ್ಯೆಯೂ ಹೊಸದಲ್ಲ. ಮಗುವಿಗೆ ಸರಿ ಮಾಡಲು ನಿನ್ನ ಅಜ್ಜಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಿದ್ದಳು. ಜವೆಗೋಧಿಗೆ ಅದನ್ನೇ ಮಾಡಿದರೆ ಮಾಲ್ಟ್ ಎನ್ನುತ್ತೀರಿ. ಅಜ್ಜಿ ನಿಲ್ಲಿಸಿದ ಹಂತದಿಂದ ಅವರು ಮುಂದುವರಿದರು, ಅದೇ ವ್ಯತ್ಯಾಸ.

ಅಳಿಯ: ಮುಂದಿನ ಹಂತವೇ ಹುದುಗು. ಅದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಯೀಸ್ಟ್ ಎಂಬ ಜೀವಿಗಳ ವ್ಯಾಪಾರವೆಂದು ಪಾಶ್ಚರ್ ಸಾಧಿಸಿದ. ಬೀರಿನ ಮೇಲೆ ಅವನು ಬರೆದ ಗ್ರಂಥ ಬೆಳಕಿಗೆ ಬಂದದ್ದೂ ಅದೇ 1876ರಲ್ಲಿ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನ್ ಎಂಬ ವಿಜ್ಞಾನಿ ಒಂದೇ ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದ.

ಮಾವ: ನಿಲ್ಲು, ನಿಲ್ಲು. ಇದು ನನಗೆ ಸಂತೋಷದ ಸಮಾಚಾರ. ಮದ್ಯವು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನ, ಆದುದರಿಂದ ಅದನ್ನು ಸೇವಿಸುವವನು ಹಿಂಸೆಗೆ ಭಾಗಿಯಾಗುತ್ತಾನೆ ಎಂಬ ಅಭಿಪ್ರಾಯ ಅಮೃತಚಂದ್ರಸೂರಿಗಳ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿಯೇ ಇದೆ, ಅವರ ಕಾಲ ಪಾಶ್ಚರನಿಗಿಂತ ಹಲವು ಶತಮಾನಗಳಷ್ಟು ಹಿಂದಿನದು. ಅಮಲಿನಿಂದ ಬುದ್ಧಿ ಕೆಡುವುದೆಂಬ ಕಾರಣವನ್ನು ಎಲ್ಲ ಮತದವರೂ ಹೇಳಿದ್ದಾರೆ. ಕುಡಿಯುವ ಬಟ್ಟಲಿನಲ್ಲಿಯೇ ಜೀವರಾಶಿಯಿದೆಯೆಂಬ ಕಾರಣ ನಮ್ಮವರಿಗೆ ಹೊಳೆದದ್ದು. ಆದರೆ ಇದನ್ನೇ ಹಿಡಿದು, ಸೂಕ್ಷ್ಮದರ್ಶಕದ ವಿದ್ಯೆಯೆಲ್ಲ ನಮ್ಮ ಆಚಾರ್ಯರಿಗೆ ತಿಳಿದಿದ್ದಿತೆಂದು ಯಾರಾದರೂ ಭಾಷಣ ಹೊಡೆದರೆ ನಾನು ಮೊದಲು ಎದ್ದು ಹೋಗುವವನು. ಅವರು ದಯೆಯಿಂದ ಊಹಿಸಿದ್ದನ್ನು ಇವನು ಗಾಜಿನಿಂದ ಕಂಡ. ಎರಡೂ ದೊಡ್ಡ ಕೆಲಸಗಳೇ. ಮುಂದೆ ಹೇಳು, ಪಾನನಿರೋಧ ಅಲ್ಲಿಯೂ ಬಂದಿತಲ್ಲವೆ?

ಅಳಿಯ: 1920ರ ಜನವರಿಯಲ್ಲಿ ಬಂದು 1933ರ ಡಿಸೆಂಬರಿನಲ್ಲಿ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾಗಿದ್ದುದರಿಂದ ಬೀರಿನ ಮನೆತನಗಳ ಜರ್ಮನ್ ಹೆಸರುಗಳೇ ಅವರಿಗೆ ಮುಳುವಾದುವು. ಅದುವರೆಗೆ ಕೀರ್ತಿಯಾಗಿದ್ದ ಹೆಸರು ಒಂದೆರಡು ವರ್ಷಗಳಲ್ಲಿ ಕಳಂಕವಾಯಿತು. ಈ ಹದಿಮೂರು ಹದಿನಾಲ್ಕು ವರ್ಷ ಅವರು ಬದುಕಿದ ಬಗೆಯನ್ನು ಕೇಳಿದರೆ ನಗುವೂ ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ. ಮಿಲ್ವಾಕಿಯ ಪ್ಯಾಬ್ಸ್ಟ್ ಕಾರ್ಖಾನೆ ಗಿಣ್ಣು ಮಾಡಿ ಮಾರಿತು. ಕೊಲರಾಡೋದ ಕೂರ್ಸ್ ಮನೆತನ ಮಾಲ್ಟ್ ಬೆರೆಸಿದ ಹಾಲಿನ ಪುಡಿಯನ್ನೂ ಪಿಂಗಾಣಿಯನ್ನೂ ಮಾಡಿತು. ಆನ್‌ಹೈಸರ್-ಬುಷ್ ರೊಟ್ಟಿಯ ಯೀಸ್ಟ್ ಮಾರಿತು. ಪೆನ್ಸಿಲ್ವೇನಿಯದ ಪಾಟ್ಸ್‌ವಿಲ್ ಎಂಬ ಕಲ್ಲಿದ್ದಲ ಊರಿನಲ್ಲಿ 1829ರಲ್ಲಿ ಸ್ಥಾಪಿತವಾದ ಯಿಂಗ್‌ಲಿಂಗ್ ಎಂಬ ಮನೆತನವಿದೆ; ಆ ದೇಶದಲ್ಲಿ ಈಗಲೂ ನಡೆಯುತ್ತಿರುವ ಬೀರಿನ ಕಾರ್ಖಾನೆಗಳಲ್ಲಿ ಅದೇ ಅತ್ಯಂತ ಹಳೆಯದು. ಅವರು ಗುಡ್ಡವನ್ನು ಕೊರೆದು ಗವಿಗಳನ್ನು ಮಾಡಿ ಅವುಗಳಲ್ಲಿ ಬೀರನ್ನು ತಂಪಾಗಿಡುತ್ತಿದ್ದರು. ಸರ್ಕಾರದವರು ಬಂದು ಗವಿಗೆ ಇಟ್ಟಿಗೆಯ ಗೋಡೆ ಕಟ್ಟಿ ಮುಚ್ಚಿದರು. ಯಿಂಗ್‌ಲಿಂಗ್‌ನವರು ಎದುರುಗಡೆಯೇ ಹಾಲಿನ ಡೈರಿ ತೆರೆದು ಐಸ್‌ಕ್ರೀಮ್ ಮಾಡತೊಡಗಿದರು. ನಿಷೇಧ ಹೋದೊಡನೆ ‘ವಿನ್ನರ್’ ಎಂಬ ಹೊಸ ಬೀರನ್ನು ಲಾರಿಯಲ್ಲಿ ತುಂಬಿಸಿ ಅಧ್ಯಕ್ಷ ರೂಸ್‌ವೆಲ್ಟನಿಗೆ ಕಳುಹಿಸಿಕೊಟ್ಟರು. ಡೈರಿಯನ್ನು ಮಾತ್ರ 1985ರವರೆಗೂ ಬಿಡಲಿಲ್ಲ.

ಮಾವ: ಬೆಂಗಳೂರಿನಲ್ಲಿಯೂ ಇದಕ್ಕೆ ಹತ್ತಿರದ ಒಂದು ಸಂಗತಿಯಿದೆ. ನಾನು ಓದಲು ಹೋಗಿದ್ದಾಗ ಗ್ರಾಂಟ್ ರಸ್ತೆಯ ಮೇಲೆ ನಡೆದುಹೋಗುವುದಿತ್ತು. ಆ ಕಡೆಯಿಂದ ಬೆಂದ ಧಾನ್ಯದ ಕಮಟು ವಾಸನೆ ಗಾಳಿಯಲ್ಲಿ ಬರುತ್ತಿದ್ದಿತು. ಅಕ್ಕಚ್ಚಿನ ವಾಸನೆಯೆಂದೇ ತಿಳಿದು, ಇಷ್ಟು ದೊಡ್ಡ ಪಟ್ಟಣದ ನಡುವೆ ಇಷ್ಟು ದೊಡ್ಡ ಕೊಟ್ಟಿಗೆ ಯಾರದಪ್ಪಾ ಎಂದು ಜೊತೆಯವನನ್ನು ಕೇಳಿ ನಗೆಗೀಡಾದೆ. ಅದು ಯುನೈಟೆಡ್ ಬ್ರೂವರೀಸ್ ಕಾರ್ಖಾನೆ. ಆ ರಸ್ತೆ ಈಗ ವಿಠಲ್ ಮಲ್ಯರ ಹೆಸರಿನದು, ಅಲ್ಲಿ ಈಗ ಗಾಜಿನ ಗೋಪುರಗಳು.

ಅಳಿಯ: ನಿಮ್ಮ ಕೊಟ್ಟಿಗೆಯ ಚರಿತ್ರೆ ಮಿಲ್ವಾಕಿಯದಕ್ಕಿಂತ ಬಹಳ ಕಿರಿಯದೇನಲ್ಲ, ಮಾವ. ದಂಡಿನ ಗೋರಾ ಸಿಪಾಯಿಗಳ ಬಾಯಾರಿಕೆಯೇ ಅದರ ಬೇರು. ಬ್ರಿಟಿಷರು ಬೆಂಗಳೂರಿನಲ್ಲಿ ದಂಡಿನ ಪ್ರದೇಶವನ್ನು ಕಟ್ಟಿದ್ದು 1809ರಲ್ಲಿ. ಮದರಾಸಿನಲ್ಲಿ, ನೀಲಗಿರಿಯಲ್ಲಿ ಎಲ್ಲೆಲ್ಲಿಯೂ ಸೈನ್ಯ. ಹಡಗಿನಲ್ಲಿ ಬರುವ ಬೀರು ದುಬಾರಿ, ಸಾಲದಾಗುತ್ತಿದ್ದಿತು. ಆದುದರಿಂದ ಇಲ್ಲಿಯೇ ಸಣ್ಣ ಸಣ್ಣ ಬಟ್ಟಿಗಳು ಹುಟ್ಟಿದುವು. ಕ್ಯಾಸಲ್ ಬ್ರೂವರಿ 1857ರದು, ದಂಗೆಯ ವರ್ಷವೇ. ಇಂಥ ಐದನ್ನು ಒಂದುಗೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಯುನೈಟೆಡ್ ಬ್ರೂವರೀಸನ್ನು ಸ್ಥಾಪಿಸಿದ. ಹೆಸರಿನಲ್ಲಿರುವ ‘ಯುನೈಟೆಡ್’ ಬರಿಯ ಅಲಂಕಾರವಲ್ಲ. ಗುಡಾಣದಂಥ ಪೀಪಾಯಿಗಳಲ್ಲಿ ಬೀರನ್ನು ತುಂಬಿಸಿ ಎತ್ತಿನ ಗಾಡಿಗಳ ಮೇಲೆ ಪಾಳೆಯಗಳಿಗೆ ಸಾಗಿಸುತ್ತಿದ್ದರು. ಸೇಂಟ್ ಲೂಯಿಸಿನ ಬುಷ್‌ಗೆ ಮಂಜಿನ ರೈಲುಡಬ್ಬಿ, ಬೆಂಗಳೂರಿನ ಲೀಷ್‌ಮನ್ನನಿಗೆ ಎತ್ತಿನ ಗಾಡಿ.

ಮಾವ: ಎತ್ತುಗಳಿಗೆ ಅಮಲೇರಿರಲಾರದು, ಪುಣ್ಯ. ಈ ಮಲ್ಯರು ಕರಾವಳಿಯ ಕಡೆಯವರಲ್ಲವೆ?

ಅಳಿಯ: ಬಂಟ್ವಾಳದ ಮೂಲದವರು. ವಿಠಲ್ ಮಲ್ಯರು ಕಂಪನಿಯ ಷೇರುಗಳನ್ನು ಸದ್ದಿಲ್ಲದೆ ಕೊಳ್ಳುತ್ತ ಹೋಗಿ, ಸ್ವಾತಂತ್ರ್ಯ ಬಂದ 1947ರಲ್ಲಿಯೇ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಆಗ ಅವರ ವಯಸ್ಸು 24ರ ಆಸುಪಾಸು. ಅಧಿಕಾರ ಕೈಗೆ ಬಂದ ಗಳಿಗೆಯೂ ಎಂಥದು! ಕುಡಿಯುತ್ತಿದ್ದ ಗೋರಾ ಸೈನ್ಯ ಹಡಗು ಹತ್ತಿಹೋಗಿತ್ತು, 1948ರ ಹೊತ್ತಿಗೆ ಮದರಾಸು ಪ್ರಾಂತ್ಯವೆಲ್ಲ ಪಾನನಿರೋಧಕ್ಕೆ ಒಳಪಟ್ಟಿತ್ತು, ಮೈಸೂರಿನಲ್ಲಿಯೂ ಅದೇ ಗಾಳಿ. ಯಿಂಗ್‌ಲಿಂಗ್‌ನವರಂತೆ ಇವರೂ ಸಿಹಿಯ ಕಡೆಗೆ ತಿರುಗಿದರು: 1950ರ ಸುಮಾರಿಗೆ ಕಿಸಾನ್ ಕಂಪನಿಯನ್ನು ಕೊಂಡರು.

ಮಾವ: ಕಿಸಾನ್ ಎಂದರೆ ಜಾಮು?

ಅಳಿಯ: ಅದೇ ಜಾಮು. 1990ರ ದಶಕದಲ್ಲಿ ಕೈ ಬದಲಾಗುವವರೆಗೂ ಅದು ಆ ಮನೆಯದೇ. ಚಿಕ್ಕಂದಿನಲ್ಲಿ ಈ ಜಗಲಿಯ ಮೇಲೆ ಕುಳಿತು ದೋಸೆಗೆ ಸವರಿಕೊಂಡು ನಾನು ತಿಂದದ್ದು ಬೀರಿನ ಯಜಮಾನರ ಮನೆಯ ಜಾಮು.

ಮಾವ: ಕೊಂಡುತಂದವನು ನಾನು. ಪ್ರಾಯಶ್ಚಿತ್ತವೇನೆಂದು ಮಠದಲ್ಲಿ ವಿಚಾರಿಸಬೇಕಾಯಿತು. ಆಮೇಲೆ?

ಅಳಿಯ: ಮೈಸೂರು ರಾಜ್ಯದಲ್ಲಿ 1967ರಲ್ಲಿ ನಿರೋಧ ಹೋಯಿತು. 1978ರಲ್ಲಿ ‘ಕಿಂಗ್‌ಫಿಷರ್’ ಬಂದಿತು, ನಮ್ಮ ಮಿಂಚುಳ್ಳಿ. 1983ರಲ್ಲಿ ವಿಠಲ್ ಮಲ್ಯರು ತೀರಿಕೊಂಡರು. ಮಗನ ಕಥೆ ಪತ್ರಿಕೆ ಓದುವ ಯಾರಿಗೂ ಗೊತ್ತು, ಅದನ್ನು ಬಿಡೋಣ. 2021ರಿಂದ ಯುನೈಟೆಡ್ ಬ್ರೂವರೀಸಿನ ಹೆಚ್ಚಿನ ಪಾಲು ಹಾಲೆಂಡಿನ ಹೈನೆಕೆನ್ ಕಂಪನಿಯದು. ಹಕ್ಕಿ ಮಾತ್ರ ಸೀಸೆಯ ಮೇಲೆ ಕುಳಿತೇ ಇದೆ. ಮಿಲ್ವಾಕಿಯಲ್ಲಿ ಆದುದೂ ಹೀಗೆಯೇ, ಇನ್ನೂ ಕ್ರೂರವಾಗಿ.

ಮಾವ: ಷ್ಲಿಟ್ಸ್‌ನವರಿಗೇನಾಯಿತು?

ಅಳಿಯ: 1970ರ ಹೊತ್ತಿಗೆ ಅಮೆರಿಕದಲ್ಲಿ ಬಡ್‌ವೈಸರಿನ ನಂತರದ ಸ್ಥಾನ ಅದರದೇ. ಮೊದಲನೆಯವರಾಗಬೇಕೆಂಬ ತವಕದಲ್ಲಿ ಹುದುಗುವ ದಿನಗಳನ್ನು ಕಡಿಮೆಮಾಡಿದರು. ಜವೆಯ ಮಾಲ್ಟನ್ನು ಕಡಿಮೆಮಾಡಿ ಜೋಳದ ಪಾನಕವನ್ನು ಸೇರಿಸಿದರು. ಒಂದೊಂದು ಬದಲಾವಣೆಯೂ ಬಹು ಸಣ್ಣದು. ಕುಡಿದು ಪರೀಕ್ಷಿಸಿದವರಿಗೆ ನಿನ್ನೆಗೂ ಇಂದಿಗೂ ಭೇದ ಕಾಣಿಸದು. ಹೀಗೆ ಭೇದ ಕಾಣದಂತೆಯೇ ಹತ್ತು ಹೆಜ್ಜೆ ಇಳಿದ ಮೇಲೆ ಕೆಳಗೆ ನಿಂತಿದ್ದರು. ಬೀರು ಕದಡದಿರಲೆಂದು ಹಾಕುತ್ತಿದ್ದ ಒಂದು ವಸ್ತುವಿನ ಬದಲು 1976ರಲ್ಲಿ ಇನ್ನೊಂದನ್ನು ಹಾಕಿದರು. ಅದು ನೊರೆ ನಿಲ್ಲಲು ಹಾಕಿದ್ದ ಮತ್ತೊಂದರ ಜೊತೆ ಕೂಡಿಕೊಂಡು, ಸೀಸೆಯೊಳಗೆ ಬಿಳಿಯ ಚೂರುಗಳು, ಲೋಳೆಯ ಎಳೆಗಳು ತೇಲತೊಡಗಿದುವು. ಸುಮಾರು 1 ಕೋಟಿ ಸೀಸೆ-ಡಬ್ಬಿಗಳನ್ನು ಹಿಂದಕ್ಕೆ ತರಿಸಿ ಹಾಳುಮಾಡಬೇಕಾಯಿತು. ಮುಂದಿನ ವರ್ಷ ಒಂದು ಜಾಹೀರಾತು ಹೊರಟಿತು. ಕುಸ್ತಿಪಟುವಿನಂಥ ದಾಂಡಿಗನೊಬ್ಬ, ನನ್ನ ಬೀರನ್ನು ನನ್ನಿಂದ ಕಿತ್ತುಕೊಳ್ಳಲು ನೀವು ಯಾರು ಎಂದು ನೋಡುವವರನ್ನೇ ಗದರಿಸುವಂಥದು. ಷ್ಲಿಟ್ಸ್ ಕುಡಿ, ಇಲ್ಲವೆ ಕೊಲ್ಲುತ್ತೇನೆ ಎಂಬ ಅಡ್ಡಹೆಸರು ಅದಕ್ಕೆ ಬಿದ್ದಿತು. 1981ರಲ್ಲಿ ಮುಷ್ಕರವಾಗಿ ಮಿಲ್ವಾಕಿಯ ಕಾರ್ಖಾನೆ ಮುಚ್ಚಿಹೋಯಿತು. ಮರುವರ್ಷ ಡೆಟ್ರಾಯಿಟಿನ ಸ್ಟ್ರೋ ಕಂಪನಿ ಹೆಸರನ್ನು ಕೊಂಡಿತು. 1999ರಲ್ಲಿ ಸ್ಟ್ರೋ ಕಂಪನಿಯೂ ಮುಚ್ಚಿ, ಹೆಸರು ಪ್ಯಾಬ್ಸ್ಟ್‌ಗೆ ಸೇರಿತು. ಪ್ಯಾಬ್ಸ್ಟ್‌ನ ಮಿಲ್ವಾಕಿಯ ಕಾರ್ಖಾನೆಯೋ 1996ರಲ್ಲಿಯೇ ಮುಚ್ಚಿತ್ತು. ಬೀರನ್ನು ಮಿಲ್ಲರ್‌ನವರಿಗೆ ಕೂಲಿ ಕೊಟ್ಟು ಮಾಡಿಸಿಕೊಳ್ಳುವ ಸ್ಥಿತಿ ಅದಕ್ಕೂ ಬಂದಿತು. ಒಲೆಯಿಲ್ಲದ ಮನೆಗೆ ಹೆಸರಿಲ್ಲದ ಅಡುಗೆ ಎರವಲು ಬಂದಂತೆ! ಪ್ಯಾಬ್ಸ್ಟ್‌ನವರ ಹಳೆಯ ಬಟ್ಟಿಯ ಕಟ್ಟಡ ಈಗ ಹೋಟೆಲು. ಒಳಗೆ ಆರು ತಾಮ್ರದ ಹಂಡೆಗಳನ್ನು ಹಾಗೆಯೇ ಉಳಿಸಿ ಹೊಳೆಯುವಂತೆ ಉಜ್ಜಿ ಇಟ್ಟಿದ್ದಾರೆ. ಮೊದಲ ಸಲ ಅಲ್ಲಿ ನಿಂತಾಗ ನನಗೆ ಬಂದ ನೆನಪು ಅಗೋ ಆ ನಿಮ್ಮ ಅಡಿಕೆ ಹಂಡೆಯದು. ಅದು ಮಾತ್ರ ಮಸಿ ಹಿಡಿದಿದೆ.

ಮಾವ: ಮಸಿ ಹಿಡಿದಿದೆಯೆಂದರೆ ಕೆಲಸ ನಡೆದಿದೆಯೆಂದು ಅರ್ಥ.

ಅಳಿಯ: ಇನ್ನೂ ಸೋಜಿಗವನ್ನು ಕೇಳಿ. 2008ರಲ್ಲಿ ಷ್ಲಿಟ್ಸನ್ನು 1960ರ ದಶಕದ ರುಚಿಯಲ್ಲಿ ಮತ್ತೆ ತರಬೇಕೆಂದು ಪ್ಯಾಬ್ಸ್ಟ್‌ನವರು ಹೊರಟಾಗ ಅದರ ಪಾಕವೇ ಕಳೆದುಹೋಗಿತ್ತು. ಹಳೆಯ ಒಲೆಗಾರರನ್ನು ಹುಡುಕಿ, ಅವರ ನೆನಪನ್ನು ಕೆದಕಿ, ನಾಲಗೆಯ ಮೇಲಿಂದ ಪಾಕವನ್ನು ಮತ್ತೆ ಬರೆಯಿಸಿಕೊಳ್ಳಬೇಕಾಯಿತು. ಹೆಸರಿನ ಹಕ್ಕುಪತ್ರಗಳು ಪೆಟ್ಟಿಗೆಯಲ್ಲಿ ಭದ್ರವಾಗಿದ್ದುವು. ಹೆಸರು ಯಾವುದರದೋ ಅದು ಮಾತ್ರ ಇರಲಿಲ್ಲ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಈ ಊರಿನ ಮಾತು ಅದಕ್ಕೆ ತಿರುಗುಮುರುಗು. ಶಾಸನಗಳಲ್ಲಿ ಇದರ ಹೆಸರು ಪೊಂಬುರ್ಚ. ಅರಸ ಜಿನದತ್ತರಾಯನ ಕುದುರೆಯ ಕಡಿವಾಣದ ಕಬ್ಬಿಣ ದೇವಿಯ ಬಿಂಬಕ್ಕೆ ತಾಗಿ ಹೊನ್ನಾಯಿತೆಂಬ ಐತಿಹ್ಯದ ಹೊನ್ನು ಆ ಹೆಸರಿನಲ್ಲಿಯೂ ಇದೆ. ಪೊಂಬುರ್ಚ ಸವೆದು ಹೊಂಬುಜವಾಯಿತು, ಅದೂ ಸವೆದು ಹುಂಚವಾಯಿತು. ಬಸ್ಸಿನ ಹಲಗೆ ಬರೆಯುವವನು ಒಂದೊಂದು ಸಲ ಒಂದೊಂದು ಬಗೆಯಾಗಿ ಬರೆಯುತ್ತಾನೆ. ಸಾಂತರರ ಅರಸೊತ್ತಿಗೆಯ ಸುಳಿವೂ ಇಲ್ಲ. ಆದರೆ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ, ಆ ಕಾಲದವರು ಉರ್ವೀತಿಲಕವೆಂದು ಕರೆದದ್ದು, ನಿಂತಿದೆ, ಲಕ್ಕಿಯ ಮರ ಹಸುರಾಗಿದೆ, ಮುತ್ತಿನಕೆರೆಯಲ್ಲಿ ನೀರಿದೆ. ಹೆಸರು ಸವೆಯಿತು, ವಸ್ತು ಉಳಿಯಿತು. ಆ ಬಗನಿಯ ಕಳ್ಳಿನ ಪಾಡು ಮಾತ್ರ ಎರಡೂ ಅಲ್ಲ.

ಅಳಿಯ: ನಿಂತುಹೋಯಿತಲ್ಲವೆ?

ಮಾವ: 2004ರಲ್ಲಿ ಕರಾವಳಿಯ ಎರಡು ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಕಳ್ಳು ಇಳಿಸಬಾರದೆಂದಾಯಿತು. 2007ರಲ್ಲಿ ಸಾರಾಯಿಯೂ ಹೋಯಿತು. ವ್ರತಸ್ಥನಾದ ನಾನು ಇದಕ್ಕೆ ಸಂತೋಷಪಡಬೇಕು, ಪಟ್ಟೆನೆಂದೂ ಹೇಳುತ್ತೇನೆ. ಆದರೆ ಆ ವರ್ಷ ನನ್ನ ಸಹಪಾಠಿಯ ಮನೆಗೆ ಹೋದಾಗ, ಸೂರಿನಡಿಯಲ್ಲಿ ಸಿಕ್ಕಿಸಿದ್ದ ಅವನ ತಂದೆಯ ಕೊಡತಿಯನ್ನು ಕಂಡು ಮಾತು ಹೊರಡಲಿಲ್ಲ. ತೋಳಿನಷ್ಟು ಉದ್ದದ ಹಲಸಿನ ಮರದ ತುಂಡು, ಹಿಡಿಯುವ ಕಡೆ ಬೆರಳುಗಳ ಅಚ್ಚು ಬಿದ್ದು ತಗ್ಗಾಗಿತ್ತು. ಪೇಟೆಯ ಅಂಗಡಿಯಲ್ಲಿ ಮಿಂಚುಳ್ಳಿಯ ಸೀಸೆಗೆ ಪರವಾನಗಿಯಿದೆ, ಕಾನಿನ ಮಡಕೆಗೆ ಇಲ್ಲ. ಪಾಪವೆಂದು ನಿಲ್ಲಿಸಿದ್ದರೆ ಎರಡೂ ನಿಲ್ಲಬೇಕಾಗಿದ್ದಿತು. ಯಿಂಗ್‌ಲಿಂಗ್‌ಗೆ ಐಸ್‌ಕ್ರೀಮ್ ಮಾಡುವಷ್ಟು ಬಂಡವಾಳವಿದ್ದಿತು, ಮಲ್ಯರಿಗೆ ಜಾಮು ಕೊಳ್ಳುವಷ್ಟಿದ್ದಿತು. ಏಣಿಯೊಂದು, ಕೊಡತಿಯೊಂದು, ಕತ್ತಿಯೊಂದು ಇದ್ದವನು ಏನು ಮಾಡಬೇಕಾಗಿದ್ದಿತು? ಅವನು ಶಿವಮೊಗ್ಗದಲ್ಲಿ ಮಗನ ಮನೆ ಸೇರಿದ. ಮರಗಳು ಆನೆಯ ಮೇವಿಗಾದುವು.

ಅಳಿಯ: ಕಾರ್ಖಾನೆಗಳಿಗೂ ಹಾಗೆಯೇ ಆಗಿತ್ತು, ಮಾವ. 1873ರಲ್ಲಿ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಬೀರಿನ ಬಟ್ಟಿಗಳಿದ್ದುವು, ಊರಿಗೊಂದರಂತೆ. 1970ರ ದಶಕದ ಕೊನೆಗೆ ನೂರಕ್ಕಿಂತ ಕಡಿಮೆ. ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಎಂಬ ಸಣ್ಣ ಬಟ್ಟಿಯನ್ನು 1965ರಲ್ಲಿ ಕೊಂಡು ಉಳಿಸಿದ ಮೇಟಾಗ್ ಎಂಬವನನ್ನು ನೋಡಿ ಸಣ್ಣ ಬಟ್ಟಿಗಳು ಮತ್ತೆ ಎದ್ದುವು, ಈಗ ಸಾವಿರಗಟ್ಟಲೆ. ಬೆಂಗಳೂರಿನಲ್ಲಿಯೂ ಕುಡಿಯುವವರ ಕಣ್ಣೆದುರಿಗೇ ಬೀರು ಕಾಯಿಸುವ ಮನೆಗಳು ಈಗ ಎಷ್ಟೋ ಇವೆ. ಆಂಕರ್ ತಾನೇ 2023ರಲ್ಲಿ ಬಾಗಿಲು ಹಾಕಿತು.

ಮಾವ: ಕಣ್ಣೆದುರಿಗೆ ಮಾಡಿದ್ದನ್ನು ಕುಡಿಯುವುದು! ದೊಡ್ಡ ಹಣ ಕೊಟ್ಟು ಪಟ್ಟಣದವರು ಬಗನಿಯ ಬುಡಕ್ಕೆ ಬಂದರು ಎನ್ನು. ಆ ಬುಡದಲ್ಲಿ ಕುಳಿತಿದ್ದವನನ್ನು ಮಾತ್ರ ಎಬ್ಬಿಸಿ ಕಳುಹಿಸಿದ್ದಾಯಿತು.

ಅಳಿಯ: ಈ ಸೀಸೆಯನ್ನು ನನಗೆ ಕೊಡಿ, ಮಾವ. ಮಿಲ್ವಾಕಿಗೆ ಒಯ್ದು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ. ಚೀಟಿ ಹೋಗಿದೆ, ಗಾಜಿನ ಮೇಲಿನ ಅಕ್ಷರವೂ ತಿಕ್ಕಿ ತಿಕ್ಕಿ ಸವೆದಿದೆ. ಯಾರ ಸೀಸೆಯೆಂದು ಅಲ್ಲಿ ಒಬ್ಬರಿಗೂ ತಿಳಿಯದು.

ಮಾವ: ನನ್ನನ್ನು ಕೇಳಿ ಪ್ರಯೋಜನವಿಲ್ಲ. ಅದು ಅವಳ ಸೊತ್ತು.

(ಒಳಗಿನಿಂದ ಅತ್ತೆಯ ಧ್ವನಿ.)

ಅತ್ತೆ: ಹೊತ್ತು ಮುಳುಗಲಿಕ್ಕೆ ಆಯ್ತು, ಎಲೆ ಹಾಕಿಯಾಗಿದೆ, ಇಬ್ಬರೂ ಕೈಕಾಲು ತೊಳೆದು ಬನ್ನಿ. ಆ ಎಣ್ಣೆ ಬಾಟ್ಲಿಯನ್ನು ಅಲ್ಲೇ ಇಡು ಮಗಾ, ರಾತ್ರಿ ಮಲಗುವಾಗ ನಂಗೆ ಬೇಕು. ಅಮೆರಿಕದಲ್ಲಿ ಬೇರೆ ಬಾಟ್ಲಿ ಸಿಗೂದಿಲ್ವಾ?